ಪಡೀಲಿನ ಸ್ಟೇಷನ್ನು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿನಿಯರ ಸಂಘದವರು ಕೇಳಿದಾಗ ನಾನು ಮೊದಲು ಸಂಕೋಚಪಟ್ಟೆನು. ದೊಡ್ಡ ಪದವಿಗೆ ಏರಿದವಳು ನಾನಲ್ಲ. ದೇಶಾಂತರಗಳನ್ನು ಕಂಡವಳೂ ಅಲ್ಲ. ಕುಲಶೇಖರದ ಗುಡ್ಡದ ಮೇಲೆ ಹುಟ್ಟಿ, ಅಲ್ಲಿಯೇ ಬೆಳೆದು, ಮೂವತ್ತು ವರ್ಷಕ್ಕೂ ಮಿಕ್ಕಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಿ, ಈಗ ಅದೇ ಮನೆಯ ಜಗಲಿಯಲ್ಲಿ ಕುಳಿತಿರುವವಳು. ಇದನ್ನು ಹೇಳಿದಾಗ, "ಹಾಗಾದರೆ ಕುಳಿತಲ್ಲಿಂದ ಕಂಡದ್ದನ್ನೇ ಬರೆಯಿರಿ" ಎಂದರು. ನನ್ನ ಜೀವಮಾನದಲ್ಲಿ ನಾನು ಕಣ್ಣಾರೆ ಕಂಡ ದೊಡ್ಡ ಸಂಗತಿ ಯಾವುದೆಂದು ಆಲೋಚಿಸಿದರೆ, ಅದು ನಮ್ಮ ಗುಡ್ಡವನ್ನು ತೂರಿಕೊಂಡು ಹೋಗುವ ರೈಲು ಹಾದಿ. ಮತ್ತು ಆ ಹಾದಿಯು ಹೋಗಿ ಸೇರುವ ಪಡೀಲಿನ ಸ್ಟೇಷನ್ನು. ಅದಕ್ಕೆ ಈಗಿನ ಹೆಸರು ಮಂಗಳೂರು ಜಂಕ್ಷನ್. ಅದರ ಚರಿತ್ರೆಯನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಅದರೊಡನೆ ನಮ್ಮ ಮನೆಯ ಮಾತೂ ಸ್ವಲ್ಪ ಬರುವುದು, ಓದುವವರು ಕ್ಷಮಿಸಬೇಕು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನನ್ನ ತಂಗಿಯು ಎಂಟನೆಯದರಲ್ಲಿದ್ದಳು. ಇಬ್ಬರಿಗೂ ಭೂಗೋಳ ಕಲಿಸಿದವರು ಒಬ್ಬರೇ ಟೀಚರು. ನಕ್ಷೆ ಬರೆಯದೆ ಅವರ ತರಗತಿಯಿಂದ ಯಾರಿಗೂ ಬಿಡುಗಡೆ ಇರಲಿಲ್ಲ. ಒಂದು ದಿನ ಅವರು ತಂಗಿಯ ತರಗತಿಯ ಹುಡುಗಿಯರಿಗೆ, ಮಂಗಳೂರಿನಿಂದ ಮುಂಬಯಿಗೆ ರೈಲಿನಲ್ಲಿ ಹೋಗುವ ದಾರಿಯನ್ನು ಭಾರತದ ನಕ್ಷೆಯಲ್ಲಿ ಗುರುತಿಸಿರೆಂದು ಹೇಳಿದರು. ತಂಗಿಯು ಮಂಗಳೂರಿನ ಮೇಲೆ ಸೀಸದ ಕಡ್ಡಿಯನ್ನಿಟ್ಟು, ಉಡುಪಿ, ಕಾರವಾರ, ಗೋವೆ, ರತ್ನಾಗಿರಿ ಎಂದು ಸಮುದ್ರದ ಅಂಚಿನಲ್ಲಿಯೇ ನೆಟ್ಟಗೆ ಗೆರೆ ಎಳೆದು ಮುಂಬಯಿಯನ್ನು ಮುಟ್ಟಿಸಿಬಿಟ್ಟಳು. ಟೀಚರು ಕೆಂಪು ಶಾಯಿಯಿಂದ ಆ ಗೆರೆಯನ್ನು ಹೊಡೆದುಹಾಕಿ, "ಈ ದಾರಿ ಇಲ್ಲ, ಮಗು. ರೈಲಿನಲ್ಲಿ ಹೋಗುವುದಾದರೆ ಮೊದಲು ತೆಂಕಣಕ್ಕೆ ಹೋಗಬೇಕು. ಶೋರನೂರು, ಪಾಲಕ್ಕಾಡು ದಾಟಿ ಮೂಡಣಕ್ಕೆ ತಿರುಗಬೇಕು. ಆಮೇಲೆ ಬಡಗಣ. ಮುಂಬಯಿಗೆ ಬೆನ್ನುಹಾಕಿ ಹೊರಟರೇನೇ ಮುಂಬಯಿ ಸಿಕ್ಕುವುದು" ಎಂದರು. ತಂಗಿಯು ಅಳುಮುಖ ಮಾಡಿಕೊಂಡು ಮನೆಗೆ ಬಂದಳು. ಅಪ್ಪನು ಆ ನಕ್ಷೆಯನ್ನು ಬಹಳ ಹೊತ್ತು ನೋಡಿ, "ತಪ್ಪು ನಿನ್ನದಲ್ಲ, ಹಳಿ ಹಾಕಿದವರದು" ಎಂದು ನಕ್ಕನು.

ಅಪ್ಪನು ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದನು. ನಮ್ಮ ಊರಿನ ಹಂಚು ದೇಶದ ಮೂಲೆಮೂಲೆಗಳಿಗೆ ಹೋಗುತ್ತಿದ್ದ ಕಾಲವದು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಮೊದಲನೆಯ ಹಂಚಿನ ಕಾರ್ಖಾನೆಯನ್ನು ತೆರೆದಾಗ ಮಂಗಳೂರಿಗೆ ರೈಲು ಇರಲಿಲ್ಲ. ಹಂಚು, ಕಾಫಿ, ಮೆಣಸು ಎಲ್ಲವೂ ಹಳೆಯ ಬಂದರದಿಂದ ಮಂಜಿಗಳಲ್ಲಿ ಹೋಗಬೇಕಾಗಿದ್ದಿತು. ಮಳೆಗಾಲದಲ್ಲಿ ಅಳಿವೆಯ ಬಾಯಿ ಮುಚ್ಚಿದಂತಾಗಿ, ವ್ಯಾಪಾರವೆಲ್ಲ ನಿಂತುಹೋಗುತ್ತಿದ್ದಿತು. ಮೂಡಣಕ್ಕೆ ಘಟ್ಟ, ಪಡುವಣಕ್ಕೆ ಕಡಲು, ಬಡಗಣಕ್ಕೂ ತೆಂಕಣಕ್ಕೂ ಹತ್ತಾರು ಹೊಳೆಗಳು. ಹೀಗಿರುವ ಊರಿಗೆ ರೈಲು ಬರಬೇಕಾದರೆ ಎಲ್ಲಿಂದ ಬರಬೇಕು? ಸುಲಭವಾದ ದಾರಿ ತೆಂಕಣದ್ದೊಂದೇ.

ಅದು ಬಹಳ ನಿಧಾನವಾಗಿಯೇ ಬಂದಿತು. ಮಲಬಾರಿನಲ್ಲಿ ತಿರೂರಿನಿಂದ ಬೇಪೂರಿಗೆ ರೈಲು ಓಡಿದ್ದು ೧೮೬೧ರಲ್ಲಿ. ಅದು ಕಲ್ಲಿಕೋಟೆಯನ್ನು ಮುಟ್ಟಿದ್ದು ೧೮೮೮ರಲ್ಲಿ. ಅಲ್ಲಿಂದ ಹೊಳೆಯಿಂದ ಹೊಳೆಗೆ ಸೇತುವೆ ಕಟ್ಟಿಕೊಂಡು, ಕಣ್ಣೂರು, ಕಾಸರಗೋಡುಗಳನ್ನು ಹಾದು, ಕೊನೆಗೆ ನೇತ್ರಾವತಿಯನ್ನು ದಾಟಿ ಮಂಗಳೂರಿಗೆ ಬಂದದ್ದು ೧೯೦೭ರಲ್ಲಿ. ಆಗ ನಮ್ಮ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಹಾದಿಯು ಮೊದಲು ಮದರಾಸು ರೈಲ್ವೆ ಕಂಪೆನಿಯದು, ೧೯೦೮ರಿಂದ ಸೌತ್ ಇಂಡಿಯನ್ ರೈಲ್ವೆಯದು. ಪಟ್ಟಣದ ನಡುವೆ ಹಂಪನಕಟ್ಟೆಯ ಸಮೀಪದಲ್ಲಿ ಸ್ಟೇಷನ್ನು ಕಟ್ಟಿದರು. ಹಳಿಗಳು ಅಲ್ಲಿಗೇ ಮುಗಿದವು. ಮದರಾಸಿನಿಂದ ಒಂಬೈನೂರು ಕಿಲೋಮೀಟರಿನಷ್ಟು ದೂರ ಓಡಿಬಂದ ಮೈಲ್ ಗಾಡಿಯು ಅಲ್ಲಿ ನಿಂತು ಉಸಿರುಬಿಟ್ಟು, ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಅಪ್ಪನು ನಮ್ಮನ್ನು ಎಳೆಯ ವಯಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡುಹೋಗಿ, ಹಳಿಯ ತುದಿಯನ್ನು ತೋರಿಸಿ, "ನೋಡಿರಿ ಮಕ್ಕಳೇ, ನಮ್ಮದು ಹಳಿ ಮುಗಿಯುವ ಊರು" ಎನ್ನುತ್ತಿದ್ದನು. ಅದನ್ನು ಅವನು ಹೆಮ್ಮೆಯಿಂದ ಹೇಳುತ್ತಿದ್ದನೋ ದುಃಖದಿಂದಲೋ ನನಗೆ ಆಗ ತಿಳಿಯುತ್ತಿರಲಿಲ್ಲ.

೧೯೫೬ನೇ ಇಸವಿ ನವಂಬರ ೧ರಂದು ಭಾಷೆಯ ಆಧಾರದಲ್ಲಿ ಪ್ರಾಂತಗಳು ಏರ್ಪಟ್ಟಾಗ ನಮ್ಮ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಆದರೆ ಹಳಿಗಳಿಗೆ ರಾಜ್ಯದ ಎಲ್ಲೆ ತಿಳಿಯುವುದೇ? ನಮ್ಮ ರೈಲಿನ ಮುಖ ಹಿಂದಿನಂತೆ ತೆಂಕಣಕ್ಕೇ ಇದ್ದಿತು. ಬೆಂಗಳೂರಿಗೆ ಮಂಗಳೂರಿನಿಂದ ನೇರವಾದ ರೈಲು ದಾರಿ ಇರಲಿಲ್ಲ. ರಾಜ್ಯದ ಬಂದರು ಒಂದು ಕಡೆ, ರಾಜ್ಯದ ರಾಜಧಾನಿ ಇನ್ನೊಂದು ಕಡೆ, ನಡುವೆ ಘಟ್ಟ. ಬಹುಕಾಲದ ಬೇಡಿಕೆಯ ಬಳಿಕ ಹಾಸನದಿಂದ ಮಂಗಳೂರಿಗೆ ಕಿರಿದಾದ ಮೀಟರ್ ಗೇಜಿನ ಹಾದಿಯನ್ನು ಹಾಕತೊಡಗಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ೫೫ ಕಿಲೋಮೀಟರಿನಷ್ಟು ಘಟ್ಟದಲ್ಲಿಯೇ ೫೭ ಸುರಂಗಗಳನ್ನು ಕೊರೆಯಬೇಕಾಯಿತು. ಸೇತುವೆಗಳೂ ನೂರಕ್ಕೆ ಮೀರಿದವು. ಪ್ರತಿ ಐವತ್ತು ಅಡಿಗೆ ಒಂದಡಿ ಏರುವ ಹಾದಿಯದು. ಅದು ಪೂರ್ತಿಯಾದದ್ದು ೧೯೭೯ರಲ್ಲಿ.

ಅದೇ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರವೂ ಆಯಿತು. ೧೯೭೫ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಬಂದು ಅದನ್ನು ಉದ್ಘಾಟಿಸಿದರು. ಬಂದರಕ್ಕೆ ರೈಲು ಬೇಕು. ಆದರೆ ಹಳೆಯ ಸ್ಟೇಷನ್ನಿನಿಂದ ಮುಂದಕ್ಕೆ ಪಟ್ಟಣವನ್ನು ಸೀಳಿ ಹಳಿ ಹಾಕುವುದು ಆಗದ ಮಾತು. ಆದುದರಿಂದ ಪಟ್ಟಣವನ್ನು ಎಡಕ್ಕೆ ಬಿಟ್ಟು, ಮೂಡುಗಡೆಯಿಂದ ಬಳಸಿಕೊಂಡು, ಪಡೀಲಿನಿಂದ ಕುಲಶೇಖರದ ಗುಡ್ಡದೊಳಗೆ ನುಗ್ಗಿ, ಜೋಕಟ್ಟೆಯ ಮಾರ್ಗವಾಗಿ ಬಂದರಕ್ಕೆ ಹಾದಿ ಹೋಯಿತು. ಹೀಗೆ ತೆಂಕಣದ ನೇತ್ರಾವತಿ ಸೇತುವೆಯ ಕಡೆಯಿಂದ ಬಂದ ಹಾದಿ, ಮೂಡಣದ ಹಾಸನದ ಹಾದಿ, ಬಡಗಣದ ಬಂದರದ ಹಾದಿ, ಈ ಮೂರೂ ಕೂಡುವ ಜಾಗದಲ್ಲಿ, ಗದ್ದೆ ತೋಟಗಳ ನಡುವೆ, ಒಂದು ಸಣ್ಣ ಸ್ಟೇಷನ್ನು ನಿಂತಿತು. ಅದಕ್ಕೆ ಕಂಕನಾಡಿ ಎಂದು ಹೆಸರಿಟ್ಟರು.

ಈ ಹೆಸರಿನಿಂದ ಆದ ಫಜೀತಿಗಳು ಅನೇಕ. ಕಂಕನಾಡಿ ಎಂದರೆ ನಮಗೆಲ್ಲರಿಗೂ ಫಾದರ್ ಮುಲ್ಲರ್ ಅವರು ೧೮೮೦ರಲ್ಲಿ ಔಷಧಾಲಯವನ್ನು ಆರಂಭಿಸಿದ ಸ್ಥಳ. ಕಾಯಿಲೆಯವರನ್ನು ಕರೆದುಕೊಂಡು ಕಂಕನಾಡಿ ಸ್ಟೇಷನ್ನಿನಲ್ಲಿ ಇಳಿದವರು, ಆಸ್ಪತ್ರೆ ಎದುರಿಗೇ ಇರುವುದೆಂದು ಹುಡುಕಿ, ಸುತ್ತಲೂ ತೆಂಗಿನ ಮರಗಳನ್ನು ಕಂಡು ಬೆರಗಾಗುತ್ತಿದ್ದರು. ಊರವರ ಬಾಯಲ್ಲಿ ಅದು ಎಂದಿಗೂ ಪಡೀಲಿನ ಸ್ಟೇಷನ್ನೇ.

ಇನ್ನು ಮನೆಯ ಮಾತು. ತಂಗಿಯು ದಾದಿಯ ಕೆಲಸವನ್ನು ಕಲಿತು ಮುಂಬಯಿಗೆ ಹೋದಳು. ನಮ್ಮ ಶಾಲೆಯ ಎಷ್ಟೋ ಹುಡುಗಿಯರು ಹಾಗೆ ಹೋದವರೇ. ನಾನು ತಾಯಿತಂದೆಗಳೊಡನೆ ಇಲ್ಲಿಯೇ ಉಳಿದೆನು. ೧೯೮೪ನೇ ಇಸವಿ ಜುಲಾಯಿ ತಿಂಗಳಲ್ಲಿ, ಜಡಿಮಳೆ ಹಿಡಿದಿದ್ದ ಒಂದು ಬೆಳಗ್ಗೆ, ಅಪ್ಪನು ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲ. ನಾನು ತಂಗಿಗೆ ತಂತಿ ಕೊಟ್ಟೆನು. ರೈಲಿನಲ್ಲಿ ಬರುವುದಾದರೆ ಟೀಚರು ಹೇಳಿದ ಆ ಸುತ್ತು ದಾರಿ. ಅದಕ್ಕಿಂತ ಬಸ್ಸೇ ಬೇಗ. ಪುಣೆ, ಬೆಳಗಾವಿ, ಹುಬ್ಬಳ್ಳಿಗಳ ಮಾರ್ಗವಾಗಿ ಬರುವ ಬಸ್ಸು, ಹವೆ ಚೆನ್ನಾಗಿದ್ದರೆ ಮಾರನೆಯ ದಿನ ಮುಟ್ಟುವುದು. ನಾವು ಮಾರನೆಯ ಸಂಜೆಯವರೆಗೂ ಕಾದೆವು. ಬಸ್ಸು ಬರಲಿಲ್ಲ. ಘಟ್ಟದಲ್ಲಿ ಮರ ಬಿದ್ದಿದೆಯೆಂದು ಯಾರೋ ಹೇಳಿದರು. ಎಂದು ತೆಗೆಯುವರೆಂದು ಹೇಳುವವರಿರಲಿಲ್ಲ. ಹೆಣವನ್ನು ಇಡಲು ಈಗಿನಂತೆ ಅನುಕೂಲಗಳು ನಮ್ಮ ಮನೆಯಂಥ ಮನೆಗೆ ಆಗ ಎಲ್ಲಿದ್ದವು? ನೆರೆಯ ಹಿರಿಯರು ನನ್ನ ಕಡೆಗೆ ನೋಡಿದರು. ಅಮ್ಮನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. "ಇನ್ನು ಕಾಯುವುದು ಬೇಡ" ಎಂದು ನಾನೇ ಹೇಳಿದೆನು.

ತಂಗಿಯು ಬಂದದ್ದು ಅದರ ಮಾರನೆಯ ಬೆಳಗ್ಗೆ. ಒದ್ದೆಯಾದ ಸೀರೆ, ಕೈಯಲ್ಲಿ ಒಂದು ಚೀಲ. ಅಂಗಳದಲ್ಲಿ ಜನರಿಲ್ಲದ್ದನ್ನು ಕಂಡೇ ಅವಳಿಗೆ ತಿಳಿಯಿತು. ಅವಳು ಅಳಲಿಲ್ಲ. "ಅಕ್ಕ, ಇನ್ನೊಂದು ರಾತ್ರಿ ನನಗಾಗಿ ಕಾಯಬಾರದಿತ್ತೇ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ದಿನ ಇದ್ದು ಹಿಂದಿರುಗಿದಳು. ಅಮ್ಮನಿಗೆ ತಿಂಗಳು ತಪ್ಪದೆ ಹಣ ಬರುತ್ತಿದ್ದಿತು, ಕಾಗದವೂ ಬರುತ್ತಿದ್ದಿತು. ನನ್ನ ಹೆಸರಿಗೆ ಒಂದು ವರ್ಷ ಕಾಗದ ಬರಲಿಲ್ಲ. ಆ ಮೇಲೆ ಬಂದ ಕಾಗದಗಳಲ್ಲಿಯೂ ಆ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತದೆ ಇದ್ದ ಮಾತು ಎಷ್ಟು ಭಾರವೆಂಬುದು ಹೊತ್ತವರಿಗೆ ಗೊತ್ತು.

ಈ ಸಂಗತಿ ನಮ್ಮ ಮನೆಯೊಂದರದಲ್ಲ. ಕರಾವಳಿಯ ಊರೂರುಗಳಿಂದ ಮುಂಬಯಿಗೆ ಹೋಗಿ ಹೋಟೆಲು, ಆಸ್ಪತ್ರೆ, ಕಚೇರಿಗಳಲ್ಲಿ ದುಡಿಯುತ್ತಿದ್ದ ಮಕ್ಕಳುಳ್ಳ ಮನೆಗಳೆಲ್ಲವೂ ಈ ದೂರವನ್ನು ಒಂದಲ್ಲ ಒಂದು ದಿನ ಅಳೆದೇ ಅಳೆದವು. ಸಮುದ್ರದ ಅಂಚಿನಲ್ಲಿ ರೈಲು ಬೇಕೆಂಬ ಕೂಗು ಹಳೆಯದು. ಮಂಗಳೂರಿನಲ್ಲಿಯೇ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು ರೈಲ್ವೆ ಮಂತ್ರಿಗಳಾಗಿದ್ದಾಗ, ೧೯೯೦ರಲ್ಲಿ, ಕೊಂಕಣ ರೈಲ್ವೆಯ ನಿಗಮವು ಸ್ಥಾಪಿತವಾಯಿತು. ಇ. ಶ್ರೀಧರನ್ ಎಂಬ ಇಂಜಿನಿಯರರು ಅದರ ಮುಖ್ಯಸ್ಥರಾದರು. ಮಹಾರಾಷ್ಟ್ರದ ರೋಹಾದಿಂದ ನಮ್ಮ ತೋಕೂರಿನವರೆಗೆ ಸುಮಾರು ೭೪೧ ಕಿಲೋಮೀಟರು ಉದ್ದದ ಹಾದಿ. ತೊಂಬತ್ತಕ್ಕೂ ಹೆಚ್ಚು ಸುರಂಗಗಳು. ರತ್ನಾಗಿರಿಯ ಬಳಿಯ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರಿನಷ್ಟು ಉದ್ದ. ಹೊಸ ಹಾದಿಯು ತೋಕೂರಿನಲ್ಲಿಯೇ ಏಕೆ ಕೊನೆಗೊಂಡಿತೆಂದು ಅನೇಕರು ಕೇಳುವರು. ಅಲ್ಲಿಂದ ತೆಂಕಣಕ್ಕೆ, ಬಂದರಕ್ಕಾಗಿ ಹಾಕಿದ್ದ ಹಳಿಯು ಮೊದಲೇ ಇದ್ದಿತು. ಅಂದರೆ, ಹಂಚಿಗೂ ಅದಿರಿಗೂ ಗೊಬ್ಬರಕ್ಕೂ ಎಂದು ಕೊರೆದ ಕುಲಶೇಖರದ ಸುರಂಗವು ಈಗ ಮುಂಬಯಿಯ ಹೆಬ್ಬಾಗಿಲಾಯಿತು. ಪಡೀಲಿನ ಸಣ್ಣ ಸ್ಟೇಷನ್ನು ಮೂರು ದಿಕ್ಕಿನ ಪ್ರಯಾಣಿಕರ ಕೂಡುದಾಣವಾಯಿತು.

೧೯೯೩ರ ಮಾರ್ಚಿಯಲ್ಲಿ ಮಂಗಳೂರಿಗೂ ಉಡುಪಿಗೂ ನಡುವೆ ಮೊದಲ ಗಾಡಿ ಓಡಿತು. ಪೂರ್ತಿ ಹಾದಿಯು ೧೯೯೮ನೇ ಇಸವಿ ಜನವರಿ ೨೬ರಂದು ಸಂಚಾರಕ್ಕೆ ತೆರೆಯಿತು. ಮುಂಬಯಿಯಲ್ಲಿ ಮಧ್ಯಾಹ್ನ ಹತ್ತಿದವರು ಮಾರನೆಯ ಬೆಳಗಿನೊಳಗೆ ಇಲ್ಲಿ ಇಳಿಯುವಂತಾಯಿತು. ನಮ್ಮ ಟೀಚರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಗೆರೆಯು, ಹೆಚ್ಚುಕಡಿಮೆ ತಂಗಿ ಎಳೆದಿದ್ದಂತೆಯೇ, ನಕ್ಷೆಯ ಮೇಲೆ ಬಂದು ನಿಂತಿತು.

ಆ ವರ್ಷವೇ ತಂಗಿಯು ರಜೆ ತೆಗೆದುಕೊಂಡು ಹೊಸ ರೈಲಿನಲ್ಲಿ ಬರುವೆನೆಂದು ಬರೆದಳು. ನಾನು ನಸುಕಿನಲ್ಲಿಯೇ ಎದ್ದು, ಬಾಡಿಗೆ ರಿಕ್ಷಾದಲ್ಲಿ ಪಟ್ಟಣದ ಹಳೆಯ ಸ್ಟೇಷನ್ನಿಗೆ ಹೋಗಿ ಕುಳಿತೆನು. ರೈಲೆಂದರೆ ಅಲ್ಲಿಗೇ ಬರಬೇಕೆಂದು ತೊಂಬತ್ತು ವರ್ಷಗಳಿಂದ ನಮ್ಮ ಊರಿನ ನಂಬಿಕೆಯಲ್ಲವೇ? ಬೆಳಕು ಹರಿಯಿತು, ತಂಗಿಯ ಸುಳಿವಿಲ್ಲ. ಕೊನೆಗೆ ಒಬ್ಬ ಹಮಾಲಿಯು, "ಅಮ್ಮಾ, ಕೇರಳಕ್ಕೆ ಹೋಗುವ ಮುಂಬಯಿ ಗಾಡಿ ಇಲ್ಲಿಗೆ ಬರುವುದಿಲ್ಲ. ಅದು ಕಂಕನಾಡಿಯಿಂದಲೇ ಹಾದುಹೋಗುತ್ತದೆ" ಎಂದನು. ಮುಂಬಯಿಯಿಂದ ಬಂದು ಮಂಗಳೂರಿನಲ್ಲಿಯೇ ಕೊನೆಗೊಳ್ಳುವ ಗಾಡಿಗೆ ಹಳೆಯ ಸ್ಟೇಷನ್ನು. ಮಂಗಳೂರನ್ನು ದಾಟಿ ಮುಂದೆ ಹೋಗುವ ಗಾಡಿಗೆ ಪಡೀಲು. ಹಳೆಯ ಸ್ಟೇಷನ್ನಿನಲ್ಲಿ ಹಳಿ ಮುಗಿಯುವುದರಿಂದ, ಒಳಗೆ ಬಂದ ಗಾಡಿಯು ಮುಂದೆ ಹೋಗಬೇಕಾದರೆ ಇಂಜಿನನ್ನು ಬಿಚ್ಚಿ ಹಿಂದಕ್ಕೆ ಕಟ್ಟಿ ಹೊರಬರಬೇಕು. ಅದಕ್ಕೆ ಹೊತ್ತು ಹಿಡಿಯುವುದು. ಈ ಸಣ್ಣ ತತ್ತ್ವ ನನಗೆ ತಿಳಿದಿರಲಿಲ್ಲ. ನಮ್ಮ ಮನೆಗೆ ಪಡೀಲು ಪಟ್ಟಣಕ್ಕಿಂತ ಹತ್ತಿರ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಓಡೋಡಿ ಪಡೀಲಿಗೆ ಹೋದೆನು. ಆಗ ಅಲ್ಲಿ ಉದ್ದನೆಯ ಮಾಡು ಇರಲಿಲ್ಲ, ದೀಪಗಳೂ ಕೆಲವೇ. ತಂಗಿಯು ಕಲ್ಲುಬೆಂಚಿನ ಮೇಲೆ, ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಮೂರು ತಾಸು ಒಬ್ಬಳೇ ಕುಳಿತಿದ್ದಳು. ನಾನು ಏನು ಹೇಳಲೆಂದು ತೋಚದೆ, "ಕಾಯುತ್ತಿದ್ದೆ ಕಣೇ, ಆ ಸ್ಟೇಷನ್ನಿನಲ್ಲಿ" ಎಂದೆನು. ಅವಳು ನನ್ನ ಮುಖವನ್ನೇ ನೋಡಿ, "ಅಂತೂ ಈ ಸಲ ಕಾದೆಯಲ್ಲ, ಅಕ್ಕ" ಎಂದಳು. ಹದಿನಾಲ್ಕು ವರ್ಷ ನಮ್ಮಿಬ್ಬರ ನಡುವೆ ಕುಳಿತಿದ್ದ ಆ ಮಾತು ಹಾಗೆ, ಪಡೀಲಿನ ಕಲ್ಲುಬೆಂಚಿನ ಮೇಲೆ, ಹೊರಗೆ ಬಂದಿತು. ಇಬ್ಬರೂ ಅಲ್ಲಿಯೇ ಅತ್ತೆವು; ಆಮೇಲೆ ನಕ್ಕೆವು. ಒಂದು ಗೂಡ್ಸ್ ಗಾಡಿಯು ಹಾದುಹೋಗುವವರೆಗೂ ಕೈಹಿಡಿದುಕೊಂಡು ಕುಳಿತಿದ್ದೆವು. ಅಂದು ನಾನು ಅವಳಿಗೆ, ಕಾಯುವುದು ಬೇಡವೆಂದವಳು ನಾನೇ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆನು. "ನನಗೆ ಗೊತ್ತಿತ್ತು. ನೀನು ಹೇಳುವುದನ್ನು ಕಾಯುತ್ತಿದ್ದೆ" ಎಂದಳು.

೨೦೦೩ರಲ್ಲಿ ಅಮ್ಮನು ಹಾಸಿಗೆ ಹಿಡಿದಳು. ಈ ಸಲ ತಂತಿಯ ಅಗತ್ಯವಿರಲಿಲ್ಲ. ಟೆಲಿಫೋನು ಮನೆಯಲ್ಲಿಯೇ ಇದ್ದಿತು. ವೈದ್ಯರು ಇನ್ನು ಹೆಚ್ಚು ದಿನವಿಲ್ಲವೆಂದ ಬೆಳಗ್ಗೆ ನಾನು ಮಾತಾಡಿದೆನು. ತಂಗಿಯು ಅಂದೇ ಹೊರಟು, ಮಾರನೆಯ ನಸುಕಿನಲ್ಲಿ ಪಡೀಲಿನಲ್ಲಿ ಇಳಿದಳು. ಅಮ್ಮನಿಗೆ ಕಣ್ಣು ಮಂಜಾಗಿದ್ದರೂ ಧ್ವನಿ ತಿಳಿಯಿತು. ಐದು ದಿನಗಳ ಕಾಲ ತಂಗಿಯು ತನ್ನ ಕೈಯಿಂದಲೇ ಗಂಜಿಯ ತಿಳಿಯನ್ನು ಕುಡಿಸಿದಳು. ರಾತ್ರಿ ಪಕ್ಕದಲ್ಲಿಯೇ ಮಲಗಿದಳು. ಒಂದು ರಾತ್ರಿ ಗುಡ್ಡದ ಕೆಳಗಿನಿಂದ ರೈಲಿನ ಕೂಗು ಕೇಳಿದಾಗ ಅಮ್ಮನು, "ಅವಳು ಬಂದಳೇ?" ಎಂದು ಕೇಳಿದಳಂತೆ. "ಬಂದಿದ್ದೇನಮ್ಮಾ, ಇಲ್ಲಿಯೇ ಇದ್ದೇನೆ" ಎಂದು ತಂಗಿಯು ಉತ್ತರ ಕೊಟ್ಟಳಂತೆ. ಆರನೆಯ ದಿನ ಅಮ್ಮನು ನಮ್ಮಿಬ್ಬರ ನಡುವೆ ಶಾಂತವಾಗಿ ಕಣ್ಣುಮುಚ್ಚಿದಳು. ರೈಲ್ವೆಯಿಂದ ದೇಶಕ್ಕಾದ ಲಾಭವನ್ನು ತಿಳಿದವರು ಲೆಕ್ಕಹಾಕಲಿ. ನಮ್ಮ ಮನೆಗೆ ಆದ ಲಾಭ ಆ ಐದು ದಿನ.

ಆಮೇಲಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆನು. ಹಾಸನದ ಹಾದಿಯನ್ನು ಅಗಲವಾದ ಗೇಜಿಗೆ ಬದಲಾಯಿಸುವುದಕ್ಕಾಗಿ ಮುಚ್ಚಿ ಹತ್ತು ವರ್ಷಕ್ಕೂ ಮಿಕ್ಕಿ ಪ್ರಯಾಣಿಕರ ಗಾಡಿ ಇರಲಿಲ್ಲ. ೨೦೦೭ರ ದಶಂಬರದಲ್ಲಿ ಅದು ಮತ್ತೆ ಆರಂಭವಾದ ಮೇಲೆ ಬೆಂಗಳೂರಿನ ರೈಲುಗಳೂ ಪಡೀಲಿಗೆ ಬಂದವು. ಆ ದಶಕದಲ್ಲಿಯೇ ಹಳೆಯ ಸ್ಟೇಷನ್ನಿಗೆ ಮಂಗಳೂರು ಸೆಂಟ್ರಲ್ ಎಂದೂ, ಕಂಕನಾಡಿಗೆ ಮಂಗಳೂರು ಜಂಕ್ಷನ್ ಎಂದೂ ಹೆಸರಾಯಿತು. ಒಂದು ವಿಚಿತ್ರವನ್ನು ಗಮನಿಸಿರಿ. ಈ ಒಂದು ಊರಿನ ಸುತ್ತ ಮೂರು ರೈಲ್ವೆಗಳು ಬಂದು ಕೂಡುತ್ತವೆ. ಎರಡು ಸ್ಟೇಷನ್ನುಗಳೂ ಚೆನ್ನೈಯನ್ನು ಮುಖ್ಯ ಠಾಣೆಯಾಗಿ ಉಳ್ಳ ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗದವು. ಪಡೀಲಿನಿಂದ ಮೂಡಣಕ್ಕೆ ಹೋದರೆ ಹುಬ್ಬಳ್ಳಿಯ ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರಿನಿಂದ ಆಚೆಗೆ ಕೊಂಕಣ ರೈಲ್ವೆ. ೧೯೦೭ರಲ್ಲಿ ಮೊದಲು ಬಂದ ದಾರಿಯ ಹಕ್ಕು ಇಂದಿಗೂ ಉಳಿದಿದೆ. ಮೂರು ಮನೆಗಳ ನಡುವಿನ ಅಂಗಳದಂತಿರುವ ಜಂಕ್ಷನ್ನನ್ನು ಯಾರು ಗುಡಿಸಬೇಕೆಂಬ ಚರ್ಚೆಯು ಆಗಾಗ ಪತ್ರಿಕೆಗಳಲ್ಲಿ ಕಾಣುವುದು ಇದೇ ಕಾರಣದಿಂದ.

ಇಷ್ಟನ್ನು ಹೇಳಿ, ಗುಡ್ಡದ ಮಾತನ್ನು ಬಿಟ್ಟರೆ ಅನ್ಯಾಯವಾದೀತು. ನಮ್ಮ ಗುಡ್ಡಗಳ ಮೇಲ್ಭಾಗ ಕೆಂಪು ಮುರಕಲ್ಲು, ಬಿಸಿಲಿಗೆ ಗಟ್ಟಿಯಾಗುವುದು. ಅದರ ಕೆಳಗೆ ನಾವು ಶೇಡಿಮಣ್ಣೆನ್ನುವ ನಯವಾದ ಬಿಳಿ ಮಣ್ಣು. ಮೇಲಿನ ಕಲ್ಲಿನ ಹೊದಿಕೆ ಇರುವ ತನಕ ಅದು ನಿಂತಿರುತ್ತದೆ, ಹೊದಿಕೆಯನ್ನು ಕಡಿದು ಮಳೆಗೆ ತೆರೆದರೆ ಬೆಣ್ಣೆಯಂತೆ ಜಾರುತ್ತದೆ. ೨೦೧೯ರ ಆಗಸ್ಟ್ ತಿಂಗಳ ಕೊನೆಗೆ ಪಡೀಲಿಗೂ ಕುಲಶೇಖರಕ್ಕೂ ನಡುವೆ ಗುಡ್ಡವು ಜಾರಿ ಹಳಿಗಳ ಮೇಲೆ ಬಂದಿತು. ಎಷ್ಟು ಮಣ್ಣು ತೆಗೆದರೂ ಮೇಲಿನಿಂದ ಅಷ್ಟೇ ಬರುತ್ತಿದ್ದಿತು. ಕೊನೆಗೆ ಆ ಜಾಗದ ಪಕ್ಕದಲ್ಲಿ ಬೇರೆ ಹಳಿಯನ್ನೇ ಹಾಸಿ ಗಾಡಿಗಳನ್ನು ಬಿಟ್ಟರು. ಸುಮಾರು ಒಂದು ವಾರ ಅಲ್ಲಿ ಗಾಡಿಗಳ ಓಡಾಟ ನಿಂತಿದ್ದಿತು. ೨೦೨೧ರ ಜುಲಾಯಿಯಲ್ಲಿಯೂ ಸುರಂಗದ ಬಳಿ ಮಣ್ಣು ಬಿದ್ದಿತು.

ಅಷ್ಟರಲ್ಲಿ ತಂಗಿಯು ಕೆಲಸದಿಂದ ನಿವೃತ್ತಳಾಗಿ ನನ್ನೊಡನೆ ವಾಸಿಸಲು ಬಂದಿದ್ದಳು. ಆ ವಾರದ ರಾತ್ರಿಗಳು ನನಗೆ ನೆನಪಿವೆ. ಸುರಂಗದ ಬಾಯಿಯ ಬಳಿ ಕೂಗುವ ಗಾಡಿಗಳ ಸದ್ದು ನಮಗೆ ಗೋಡೆಗಡಿಯಾರದಂತೆ ಆಗಿದ್ದಿತು. ಅದು ನಿಂತಾಗ ಇಬ್ಬರಿಗೂ ನಿದ್ರೆ ಬರಲಿಲ್ಲ. ಜಗಲಿಯಲ್ಲಿ ಕುಳಿತು ಮಳೆಯನ್ನು ಕೇಳುತ್ತಿದ್ದೆವು. ಒಂದು ರಾತ್ರಿ ತಂಗಿಯು, "ಈ ಹೊತ್ತಿನಲ್ಲಿ ಎಲ್ಲಿಯೋ ಯಾವಳೋ ಒಬ್ಬಳು ದಾರಿಯಲ್ಲಿ ಸಿಕ್ಕಿಬಿದ್ದಿರಬಹುದು, ಅಕ್ಕ. ಅವಳ ಮನೆಯವರು ಕಾಯುತ್ತಿರಬಹುದು" ಎಂದಳು. ನಮ್ಮ ಗುಡ್ಡವು ಜಾರಿದರೆ ಎಷ್ಟು ಮನೆಗಳ ದಾರಿ ಕಟ್ಟುವುದೆಂದು ನನಗೆ ಆಗ ಹೊಳೆಯಿತು. ಗುಡ್ಡದ ಮೇಲೆ ಮನೆ ಕಟ್ಟುವವರೂ, ಗುಡ್ಡದ ಬುಡವನ್ನು ಕಡಿಯುವವರೂ, ಮಳೆಯ ನೀರನ್ನು ಎಲ್ಲಿಗೆ ಬಿಡಬೇಕೆಂದು ಯೋಚಿಸದವರೂ ಇದನ್ನು ನೆನೆಯಬೇಕು. ಹೊಲವನ್ನೂ ಅಂಗಳವನ್ನೂ ಈ ಹಾದಿಗಾಗಿ ಬಿಟ್ಟುಕೊಟ್ಟ ನೆರೆಹೊರೆಯವರನ್ನೂ ನಾನು ಮರೆಯಲಾರೆ.

೨೦೨೨ರಲ್ಲಿ ಪಡೀಲಿನಿಂದ ಕುಲಶೇಖರದ ತನಕ ಎರಡನೆಯ ಹಳಿ ಬಂದಿತು. ಕೊಂಕಣದ ಹಾದಿಗೆಲ್ಲ ವಿದ್ಯುತ್ತಿನ ತಂತಿಯನ್ನು ಎಳೆದು ಮುಗಿಸಿದ್ದೂ ಅದೇ ವರ್ಷ. ೨೦೨೩ರಲ್ಲಿ ಜಂಕ್ಷನ್ನಿನ ಸುಧಾರಣೆಯ ಕೆಲಸಕ್ಕೆ ಅಸ್ತಿವಾರವಾಯಿತು. ಕಾಲವು ಅಲ್ಲಿಗೂ ನಿಲ್ಲಲಿಲ್ಲ. ೨೦೨೦ರಲ್ಲಿ ಬೆಂಗಳೂರಿನಿಂದ ಕಾರವಾರದ ಕಡೆಗೆ ಹೊಸದೊಂದು ರಾತ್ರಿ ರೈಲು ಆರಂಭವಾಯಿತು. ಅದು ಸೆಂಟ್ರಲ್ಲಿಗೂ ಬರುವುದಿಲ್ಲ, ಜಂಕ್ಷನ್ನಿಗೂ ಬರುವುದಿಲ್ಲ. ಪಡೀಲಿನ ಅಡ್ಡಹಳಿಯಿಂದ ತಿರುಗಿ ನೇರವಾಗಿ ನಮ್ಮ ಸುರಂಗಕ್ಕೆ ನುಗ್ಗುತ್ತದೆ. ಹಿಂದೆ ಹಳಿ ಮುಗಿಯುತ್ತಿದ್ದ ಊರನ್ನು ಈಗ ರೈಲುಗಳು ಮಾತಾಡಿಸದೆ ದಾಟಿಹೋಗುತ್ತವೆ ಎಂದು ಕೆಲವರು ಬೇಸರಪಡುವರು. ಅಪ್ಪನು ಇದ್ದಿದ್ದರೆ ಏನೆನ್ನುತ್ತಿದ್ದನೋ ತಿಳಿಯದು. ನನಗಾದರೋ ಬೇಸರವಿಲ್ಲ. ಹಳಿ ಮುಗಿಯುವ ಊರಿನಲ್ಲಿ ಹೋದವರನ್ನು ಕಳುಹಿಸಿಕೊಟ್ಟು ಕುಳಿತದ್ದು ಸಾಕು. ನಾಲ್ಕು ದಿಕ್ಕಿನ ಜನರು ಹಾದುಹೋಗುವ ಊರಿಗೆ ನಮ್ಮವರೂ ಹಿಂದಿರುಗಿ ಬರಬಲ್ಲರು, ಬೇಕಾದ ಹೊತ್ತಿಗೆ ಬರಬಲ್ಲರು. ಕೂಡುದಾಣವೊಂದರಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ಬೇಡುವುದಿಲ್ಲ.

ಪ್ರಿಯ ಸೋದರಿಯರೇ,

ಉತ್ಸವಕ್ಕಾಗಿ ನಿಮ್ಮಲ್ಲಿ ಅನೇಕರು ದೂರದ ಊರುಗಳಿಂದ ಬರುವವರಿದ್ದೀರಿ. ಮಕ್ಕಳನ್ನು ದೂರಕ್ಕೆ ಕಳುಹಿಸಿದ ತಾಯಿತಂದೆಗಳೂ ಈ ಪುಟವನ್ನು ಓದುವಿರಿ. ಎಲ್ಲರಿಗೂ ನನ್ನದೊಂದು ಬಿನ್ನಹ. ಟಿಕೇಟನ್ನು ಕೊಳ್ಳುವಾಗ ಅದರ ಮೇಲೆ ಬರೆದಿರುವುದನ್ನು ಚೆನ್ನಾಗಿ ಓದಿರಿ. ಸೆಂಟ್ರಲ್ ಎಂದಿದ್ದರೆ ಪಟ್ಟಣದ ಹಳೆಯ ಸ್ಟೇಷನ್ನು. ಜಂಕ್ಷನ್ ಎಂದಿದ್ದರೆ ಪಡೀಲು. ಯಾವುದೆಂದು ಕರೆದುಕೊಂಡುಹೋಗಲು ಬರುವವರಿಗೆ ಸ್ಪಷ್ಟವಾಗಿ ತಿಳಿಸಿರಿ. ನಸುಕಿನ ಗಾಡಿಯಲ್ಲಿ ಪಡೀಲಿಗೆ ಬಂದು, ಯಾರೂ ಬಾರದೆ ಒಬ್ಬಳೇ ಕುಳಿತಿರಬೇಕಾಗಿ ಬಂದರೆ, ಕುಲಶೇಖರದಲ್ಲಿ ಇಬ್ಬರು ಮುದುಕಿಯರು ಆ ಹೊತ್ತಿಗೆ ಎದ್ದಿರುವರೆಂದು ನೆನೆಯಿರಿ. ಒಲೆಯ ಮೇಲೆ ಕಾಫಿ ಇರುವುದು. ಬರುವವರನ್ನು ಕಾಯುವುದನ್ನು ನಾವು ಕಲಿತಿದ್ದೇವೆ.

ಓರ್ವ ಹಳೆಯ ವಿದ್ಯಾರ್ಥಿನಿ